ಊರಿಗೆ ಹೋಗುವ ರೈಲು

ಕಳೆದ ವರ್ಷ ಕ್ರಿಸ್ಮಸ್ ಹಬ್ಬಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ದೇವಾಲಯದ ಅಂಗಳದಲ್ಲಿ ಯುವಜನರು ಗೋದಲಿಗೆ ಹುಲ್ಲು ಹೊದಿಸುತ್ತಿದ್ದರು. ಅವರ ನಡುವೆ ಮತ್ತಿಕೆರೆಯ ಪಿ.ಜಿ.ಯೊಂದರಲ್ಲಿದ್ದು ಪದವಿ ಓದುತ್ತಿರುವ ಹಾಸನ ಜಿಲ್ಲೆಯ ಹುಡುಗನೊಬ್ಬನೂ ಇದ್ದ. "ಊರಿಗೆ ಯಾವಾಗಪ್ಪ ಹೊರಡುವುದು?" ಎಂದು ಕೇಳಿದೆ. "ಈ ಸಲ ಹೋಗಲ್ಲ ಫಾದರ್, ಟಿಕೆಟ್ ಸಿಗಲಿಲ್ಲ" ಎಂದ. ಹಾಗೆಂದವನು ನನ್ನ ಮುಖ ನೋಡಲಿಲ್ಲ. ಹುಲ್ಲನ್ನೇ ಸರಿಪಡಿಸುತ್ತ ನಿಂತ.

ನಾನೂ ಅದೇ ಜಿಲ್ಲೆಯವನು. ಯಶವಂತಪುರದಿಂದ ಹಾಸನಕ್ಕೆ ಹೋಗುವ ರೈಲಿನಲ್ಲಿ ಮುಂಗಡ ಕಾದಿರಿಸದವರಿಗೂ ಬೋಗಿಗಳಿವೆ ಎಂಬುದನ್ನು ಬಲ್ಲೆ. ನಿಂತುಕೊಂಡೇ ಹೋದರೂ ಮೂರು ಗಂಟೆಯ ಮಾತು. ಟಿಕೆಟ್ಟಿನ ನೆಪದ ಹಿಂದೆ ಬೇರೇನೋ ಇದೆ ಎನಿಸಿತು. ಆದರೆ ಆಗ ಕೆದಕಲಿಲ್ಲ. ಆ ರಾತ್ರಿ ಮಾತ್ರ ಅವನ ಮಾತು ನನ್ನನ್ನು ಹಿಂದಕ್ಕೆ ಕರೆದೊಯ್ದಿತು. ಓದಲೆಂದು ಬೆಂಗಳೂರಿಗೆ ಬಂದ ಮಕ್ಕಳು ಹಬ್ಬಕ್ಕೆ ಮನೆ ಸೇರುವ ಈ ವಾಡಿಕೆಗೆ ಎಷ್ಟು ವಯಸ್ಸು? ಅದಕ್ಕಾಗಿ ನಮ್ಮ ಹಿರಿಯರು ಎಂಥೆಂಥ ದಾರಿಗಳನ್ನು ಸವೆಸಿದ್ದಾರೆ? ಅದನ್ನು ಈ ತಿಂಗಳು ನಮ್ಮ ಕುಟುಂಬಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ಹಳಿಗಳು ಬಂದ ಬಗೆ

ಬೆಂಗಳೂರಿಗೆ ಮೊದಲು ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ ದಂಡು ಪ್ರದೇಶಕ್ಕೆ. ಅದು ಮುಖ್ಯವಾಗಿ ದಂಡಿನ ಮತ್ತು ಮದರಾಸಿನ ಅಗತ್ಯಕ್ಕೆ ಬಂದ ರೈಲು. ನಮ್ಮ ಒಳನಾಡಿನ ಊರುಗಳಿಗೆ ಹಳಿ ಹಾಕುವ ಕೆಲಸಕ್ಕೆ ವೇಗ ಬಂದದ್ದು 1876ರಿಂದ 1878ರವರೆಗಿನ ಭೀಕರ ಕ್ಷಾಮದ ಬಳಿಕ. ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಗಟ್ಟಲೆ ಸತ್ತರು. ಧಾನ್ಯವನ್ನು ಹಳ್ಳಿಗಳಿಗೆ ಬೇಗ ಮುಟ್ಟಿಸಲು ದಾರಿಗಳಿಲ್ಲದ್ದೂ ಆ ಸಾವುಗಳಿಗೆ ಒಂದು ಕಾರಣವಾಗಿತ್ತು. 1882ರಲ್ಲಿ ಮೈಸೂರಿಗೆ, 1884ರಲ್ಲಿ ತುಮಕೂರಿಗೆ ಮೀಟರ್ ಗೇಜ್ ರೈಲು ಓಡಿತು. 1889ರ ಹೊತ್ತಿಗೆ ಆ ಹಳಿ ಅರಸೀಕೆರೆಯನ್ನು ಹಾದು ಹರಿಹರವನ್ನು ಮುಟ್ಟಿತ್ತು. 1890ರ ದಶಕದಲ್ಲಿ ದೊಡ್ಡಬಳ್ಳಾಪುರದ ಮಾರ್ಗವಾಗಿ ಹಿಂದೂಪುರದ ಕಡೆಗೆ ಇನ್ನೊಂದು ಹಳಿ ಹೊರಟಿತು. ಹೀಗೆ ಒಂದು ಹಳಿ ತುಮಕೂರಿನತ್ತ, ಒಂದು ಯಲಹಂಕದತ್ತ ಕವಲೊಡೆಯುವ ತಾಣವಾಗಿ ಯಶವಂತಪುರ ರೂಪುಗೊಂಡಿತು. ಆಗ ಅದು ಬೆಂಗಳೂರಿನ ಬಡಾವಣೆಯಲ್ಲ, ಹೊಲಗದ್ದೆಗಳ ನಡುವಿನ ಒಂದು ಹಳ್ಳಿ.

ಧಾನ್ಯಕ್ಕೆಂದು ಹಾಕಿದ ಹಳಿಯ ಮೇಲೆ ಮಕ್ಕಳೂ ಪಯಣಿಸತೊಡಗಿದರು. 1858ರಲ್ಲಿ ಹೈಸ್ಕೂಲಾಗಿ ತೊಡಗಿ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆದ ವಿದ್ಯಾಲಯ ಬೆಂಗಳೂರಿನಲ್ಲಿತ್ತು. 1882ರಲ್ಲಿ ಪ್ಯಾರಿಸ್ ಮಿಷನ್ನಿನ ಗುರುಗಳು ಸಂತ ಜೋಸೆಫರ ವಿದ್ಯಾಲಯವನ್ನು ಆರಂಭಿಸಿದರು. 1909ರಲ್ಲಿ ಯಶವಂತಪುರದ ಮಗ್ಗುಲಲ್ಲೇ, ಮೈಸೂರು ಸಂಸ್ಥಾನ ದಾನವಾಗಿ ಕೊಟ್ಟ 371 ಎಕರೆ ನೆಲದಲ್ಲಿ, ಜನರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ನಮ್ಮ ಕಾಲೇಜುಗಳ ಮಕ್ಕಳು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕೂರಬೇಕಿತ್ತು. ಹಳ್ಳಿಯಿಂದ ಬಂದ ಬಡ ಹುಡುಗರು ವಾರಾನ್ನ ಉಂಡು, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ, ಓದು ಮುಗಿಸಿದರು. ಆಮೇಲೆ ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಬಂದವು. ಏಳು ಮನೆಗಳ ಅನ್ನ ಉಂಡವನಿಗೆ ತನ್ನ ಮನೆಯ ಒಂದು ತುತ್ತು ಏನೆಂಬುದು ಚೆನ್ನಾಗಿ ತಿಳಿದಿರುತ್ತಿತ್ತು.

ರಜೆಯೂ ಹಾಗೆಯೇ ಹೊಸದು. ಊರಿನ ಕೂಲಿಮಠದಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಸುಗ್ಗಿ, ಜಾತ್ರೆಗಳೇ ಬಿಡುವು. ಇಡೀ ನಾಡಿಗೆ ಒಂದೇ ದಿನ ಕಚೇರಿ ಮುಚ್ಚುವ ಪದ್ಧತಿ ಆಂಗ್ಲ ಆಡಳಿತದೊಂದಿಗೆ ಬಂತು. ಬ್ಯಾಂಕು ಹುಂಡಿಗಳ ವ್ಯವಹಾರಕ್ಕಾಗಿ 1881ರಲ್ಲಿ ಮಾಡಿದ ಕಾನೂನೊಂದು ಭಾನುವಾರ, ಹೊಸ ವರ್ಷದ ದಿನ, ಕ್ರಿಸ್ಮಸ್ ಮತ್ತು ಶುಭ ಶುಕ್ರವಾರಗಳನ್ನು ಸಾರ್ವಜನಿಕ ರಜಾದಿನಗಳೆಂದು ಹೆಸರಿಸಿತು. ಉಳಿದ ದಿನಗಳನ್ನು ಸರ್ಕಾರವೇ ಸಾರಬಹುದೆಂದಿತು. ಇತ್ತ ಮೈಸೂರು ಸೀಮೆಯಲ್ಲಿ ದಸರೆ ಎಲ್ಲರ ರಜೆಯಾಗಿತ್ತು. ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದ ಕುವೆಂಪು ರಜೆ ಬಂದಾಗ ಮಲೆನಾಡಿನ ತಮ್ಮ ಕುಪ್ಪಳಿಯ ಕಡೆಗೆ ಮರಳುತ್ತಿದ್ದುದನ್ನು 'ನೆನಪಿನ ದೋಣಿಯಲ್ಲಿ' ಎಂಬ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾರೆ. ನಾಡಿನ ಹಿರಿಯ ಕವಿಗೂ ಒಂದು ಕಾಲದಲ್ಲಿ ರಜೆಯ ದಿನ ಎಣಿಸುವ ಹುಡುಗನ ಮನಸ್ಸೇ ಇತ್ತೆಂಬುದನ್ನು ನೆನೆದರೆ ಸಂತೋಷವಾಗುತ್ತದೆ.

ಘಟ್ಟದಾಚೆಯವರ ಪಾಡು

ಎಲ್ಲರಿಗೂ ಊರು ಸಮನಾಗಿ ಹತ್ತಿರವಿರಲಿಲ್ಲ. ಮಂಗಳೂರಿನ ಮಕ್ಕಳ ಪಾಡು ನೋಡಿ. 1880ರಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ತೆರೆದದ್ದರಿಂದ ಅನೇಕರಿಗೆ ಊರಲ್ಲೇ ಓದುವ ಅವಕಾಶವಾಯಿತು. ಆದರೂ ಬೆಂಗಳೂರಿಗೆ ಬಂದವರಿಗೆ ಹಬ್ಬಕ್ಕೆ ಮರಳುವುದೆಂದರೆ ಒಂದು ಸಾಹಸ. 1907ರಲ್ಲಿ ಮಂಗಳೂರಿಗೆ ರೈಲೇನೋ ಬಂತು. ಆದರೆ ಅದು ಬಂದದ್ದು ಮಲಬಾರಿನ ಕಡೆಯಿಂದ. ರೈಲಿನಲ್ಲೇ ಹೋಗುವವರು ಪೂರ್ವಕ್ಕೆ ಜೋಲಾರಪೇಟೆಗೆ ಇಳಿದು, ಅಲ್ಲಿಂದ ಕೊಯಮತ್ತೂರು, ಶೋರನೂರು, ಕಲ್ಲಿಕೋಟೆಗಳನ್ನು ಬಳಸಿ ಊರು ಸೇರಬೇಕಿತ್ತು. ಪಶ್ಚಿಮದಲ್ಲಿರುವ ಮನೆಗೆ ಹೋಗಲು ಪೂರ್ವಕ್ಕೆ ಮುಖ ಮಾಡಿ ಹೊರಡುವ ವಿಚಿತ್ರ! ಬಸ್ಸುಗಳು ಬಂದ ಮೇಲೆ ಶಿರಾಡಿ, ಚಾರ್ಮಾಡಿ ಘಟ್ಟಗಳ ತಿರುವುಗಳೇ ಗತಿಯಾದವು. 1948ರಲ್ಲಿ ಮೈಸೂರು ಸರ್ಕಾರ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ನಾವು ಇಂದಿಗೂ 'ಗೌರ್ಮೆಂಟ್ ಬಸ್ಸು' ಎನ್ನುವುದು ಆ ಕಾಲದ ನೆನಪಿನಿಂದಲೇ ಇರಬೇಕು.

ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ರೈಲುಮಾರ್ಗದ ಕನಸು ಈಡೇರಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರುಗಳಲ್ಲೇ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. 50 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವ ಕಡಿದಾದ ದಾರಿ. ಇಷ್ಟು ಕಷ್ಟಪಟ್ಟು ಹಾಕಿದ ಮೀಟರ್ ಗೇಜ್ ಹಳಿಯ ಮೇಲೆ ಹದಿನೇಳು ವರ್ಷವಷ್ಟೇ ಜನ ಓಡಾಡಿದರು. ಹಳಿಯನ್ನು ಅಗಲಗೊಳಿಸುವ ಸಲುವಾಗಿ 1996ರಲ್ಲಿ ಸಂಚಾರ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಕೆಲವೇ ದಿನಗಳ ಮುಂಚೆ. ನಡುವಿನ ಹನ್ನೊಂದು ವರ್ಷಗಳಲ್ಲಿ ಒಂದು ತಲೆಮಾರಿನ ಕಾಲೇಜು ಮಕ್ಕಳು ರೈಲನ್ನು ಮರೆತು, ಹಬ್ಬದ ಹಿಂದಿನ ರಾತ್ರಿಗಳನ್ನು ಶಿರಾಡಿಯ ಹೊಂಡಗಳ ಮೇಲೆ ಕುಲುಕುತ್ತ ಕಳೆದರು. ಮನೆಯಲ್ಲಿ ಕುಸ್ವಾರದ ಡಬ್ಬಿ ತೆರೆಯುವ ಹೊತ್ತಿಗೆ ಅವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿರುತ್ತಿದ್ದವು.

ನಮ್ಮ ಹಾಸನದ ಕಥೆಯೂ ತಾಳ್ಮೆಯ ಕಥೆಯೇ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ನೇರವಾಗಿ ಹಾಸನಕ್ಕೆ ಹೋಗುವ ಹಳಿಗೆ ಮಂಜೂರಾತಿ ದೊರೆತದ್ದು 1996ರ ಸುಮಾರಿನಲ್ಲಿ. ಅದು ಪೂರ್ಣಗೊಂಡದ್ದು 2017ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಯಶವಂತಪುರದಿಂದ ಹಾಸನಕ್ಕೆ ನೇರ ರೈಲು ಹೊರಟಿತು. ಮಂಜೂರಾತಿಯ ವರ್ಷ ಹುಟ್ಟಿದ ಮಗು ರೈಲು ಹೊರಡುವ ವೇಳೆಗೆ ಕಾಲೇಜು ಮುಗಿಸುವ ವಯಸ್ಸಿಗೆ ಬಂದಿತ್ತು! ಅದಕ್ಕೆ ಮೊದಲು ರೈಲಿನಲ್ಲಿ ಹೋಗಬೇಕೆಂದರೆ ಅರಸೀಕೆರೆಯನ್ನೋ ಮೈಸೂರನ್ನೋ ಬಳಸಬೇಕಿತ್ತು.

ನಾನು ಕಂಡ ಯಶವಂತಪುರ

ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠ 1934ರಲ್ಲಿ ಪುದುಚೇರಿಯಿಂದ ಬೆಂಗಳೂರಿಗೆ ಬಂದದ್ದು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ವಿದ್ಯಾರ್ಥಿ. ನಮಗೆ ಹಬ್ಬದ ದಿನ ದೇವಾಲಯಗಳಲ್ಲಿ ಸೇವೆ ಇರುತ್ತಿದ್ದುದರಿಂದ ಊರಿಗೆ ಹೊರಡುತ್ತಿದ್ದುದು ಹಬ್ಬ ಮುಗಿದ ಮೇಲೆ. ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ನೆರಳಿನಲ್ಲಿ ಟ್ರಂಕು ಹೊತ್ತು ಯಶವಂತಪುರಕ್ಕೆ ನಡೆದು ಹೋಗುತ್ತಿದ್ದೆವು. ಗಾಳಿ ಬೀಸಿದ ಕಡೆಗೆ ಸೋಪು ಕಾರ್ಖಾನೆಯ ಗಂಧದ ಪರಿಮಳ ಬರುತ್ತಿತ್ತು. ಇನ್ನೊಂದು ಕಡೆ ಮಾರುಕಟ್ಟೆ ಯಾರ್ಡಿನ ಈರುಳ್ಳಿ, ಆಲೂಗಡ್ಡೆಯ ವಾಸನೆ. ಆ ಯಾರ್ಡಿಗೆ ನಮ್ಮ ಹಾಸನದ ಆಲೂಗಡ್ಡೆ ಲಾರಿಗಟ್ಟಲೆ ಬರುತ್ತಿತ್ತು. ನಮ್ಮೂರಿನ ಎಷ್ಟೋ ಮಕ್ಕಳ ಕಾಲೇಜು ಶುಲ್ಕ ಆ ಮೂಟೆಗಳಲ್ಲೇ ಇರುತ್ತಿತ್ತು. ಬೆಲೆ ಬಿದ್ದ ವರ್ಷ, ಬೆಳೆಗೆ ಅಂಗಮಾರಿ ತಗುಲಿದ ವರ್ಷ, ಹುಡುಗನ ಓದೂ ತೂಗಾಡುತ್ತಿತ್ತು. ಆಗಿನ ನಿಲ್ದಾಣ ಚಿಕ್ಕದು. ರೈಲಿನಲ್ಲಿ ಕುಳಿತು ತುಮಕೂರು, ತಿಪಟೂರು ದಾಟಿ ಅರಸೀಕೆರೆಯಲ್ಲಿ ಇಳಿದರೆ, ಅಪ್ಪ ಕೈಯಲ್ಲಿ ಬ್ಯಾಟರಿ ಹಿಡಿದು ಕಂಬದ ಕೆಳಗೆ ನಿಂತಿರುತ್ತಿದ್ದರು.

ಇಂದಿನ ಯಶವಂತಪುರವನ್ನು ಅವರು ಕಂಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ನಗರದ ಮುಖ್ಯ ನಿಲ್ದಾಣದ ಭಾರ ಇಳಿಸಲು ಇದು ಎರಡನೆಯ ದೊಡ್ಡ ನಿಲ್ದಾಣವಾಗಿ ಬೆಳೆಯಿತು. 2014ರ ಮಾರ್ಚ್‌ನಲ್ಲಿ ಪಕ್ಕದಲ್ಲೇ ಮೆಟ್ರೋ ಓಡಿತು. 2022ರಲ್ಲಿ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಕಾರ್ಯಕ್ಕೆ ಶಂಕುಸ್ಥಾಪನೆಯಾಯಿತು. ಹಬ್ಬದ ಮುನ್ನಾದಿನಗಳಲ್ಲಿ ಅಲ್ಲಿ ನಿಂತರೆ ಕಾಲಿಡಲು ಜಾಗವಿಲ್ಲ. ಒಂದು ಕಾಲದಲ್ಲಿ ಬಹುಪಾಲು ಗಂಡುಮಕ್ಕಳದೇ ಆಗಿದ್ದ ಈ ಪಯಣದಲ್ಲಿ ಇಂದು ಹೆಣ್ಣುಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಧೈರ್ಯವಾಗಿ ಸಾಗುವುದನ್ನು ಕಂಡಾಗ, ಅವರನ್ನು ಓದಲು ಕಳುಹಿಸಿದ ತಾಯಂದಿರಿಗೆ ಮನಸ್ಸು ವಂದಿಸುತ್ತದೆ.

ಊರೇ ಇಲ್ಲದವರು, ಊರಿಗೆ ಓಡಿದವರು

ಊರಿಗೆ ಹೋಗುವ ಮಾತು ಬಂದಾಗ ಶೆಟ್ಟಿಹಳ್ಳಿಯನ್ನು ನೆನೆಯದೆ ಇರಲಾರೆ. ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅಲ್ಲಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಆ ನೆಲ ಹಿನ್ನೀರಿನ ಪಾಲಾಯಿತು. ಜನ ಬೇರೆಡೆಗೆ ಸಾಗಿದರು. ಇಂದು ಮಳೆಗಾಲದಲ್ಲಿ ಆ ದೇವಾಲಯದ ಗೋಡೆಗಳು ನೀರಿನಲ್ಲಿ ಅರ್ಧ ಮುಳುಗುತ್ತವೆ. ಬೇಸಿಗೆಯಲ್ಲಿ ಮತ್ತೆ ನೆಲ ಕಾಣುತ್ತದೆ. ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಅಲ್ಲಿ ಜ್ಞಾನಸ್ನಾನ ಪಡೆದವರಿಗೆ, ಅಲ್ಲಿಯ ನಡುರಾತ್ರಿಯ ಪೂಜೆಗೆ ಲಾಂದ್ರ ಹಿಡಿದು ನಡೆದವರಿಗೆ ಅದು ಚಿತ್ರವಲ್ಲ. ಮನೆಯ ಹೊಸ್ತಿಲೇ ನೀರಿನಡಿ ಇರುವಾಗ ಹಬ್ಬಕ್ಕೆ ಊರಿಗೆ ಹೋಗುವುದೆಂದರೆ ಎಲ್ಲಿಗೆ? ಆ ಕುಟುಂಬಗಳು ಹೊಸ ನೆಲದಲ್ಲಿ ಮತ್ತೆ ಗೋದಲಿ ಕಟ್ಟಿಕೊಂಡವು. ಊರೆಂಬುದು ಮಣ್ಣಿಗಿಂತ ಹೆಚ್ಚಾಗಿ ಕಾಯುವ ಜನರಲ್ಲಿದೆ ಎಂಬುದನ್ನು ಅವರು ನಮಗೆ ಕಲಿಸಿದ್ದಾರೆ.

ಇನ್ನೊಂದು ಬಗೆಯ ಮರಳುವಿಕೆಯನ್ನೂ ಈ ನಗರ ಕಂಡಿದೆ. 2012ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ದಾಳಿ ನಡೆಯಲಿದೆಯೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳು ಮತ್ತು ದುಡಿಯುವ ಯುವಜನರು ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಸಗಟು ಸಂದೇಶಗಳನ್ನು ಕೇಂದ್ರ ಸರ್ಕಾರ 15 ದಿನ ನಿಷೇಧಿಸಬೇಕಾಯಿತು. ಅವರಲ್ಲಿ ನಮ್ಮೊಡನೆ ಭಾನುವಾರದ ಪೂಜೆಯಲ್ಲಿ ಮಂಡಿಯೂರುತ್ತಿದ್ದ ಕ್ರೈಸ್ತ ಮಕ್ಕಳೂ ಇದ್ದರು. ಹಬ್ಬಕ್ಕೆ ನಗುತ್ತ ಊರಿಗೆ ಹೋಗಬೇಕಾದವರು ಭಯದಿಂದ ಓಡಿದರು. ಅಂದು ನಮ್ಮ ಎಷ್ಟು ಮನೆಗಳ ಬಾಗಿಲು ಅವರಿಗೆ ಪರಿಚಿತವಾಗಿತ್ತು ಎಂದು ನಾನು ನನ್ನನ್ನೇ ಕೇಳಿಕೊಂಡಿದ್ದೇನೆ. 2020ರಲ್ಲಿ ಕೊರೊನಾ ಬಂದಾಗ ರೈಲುಗಳೇ ನಿಂತವು. ಏಪ್ರಿಲ್ 12ರ ಪಾಸ್ಕ ಹಬ್ಬ ಮುಚ್ಚಿದ ದೇವಾಲಯಗಳಲ್ಲಿ ಕಳೆಯಿತು. ಮೇ ತಿಂಗಳಲ್ಲಿ ಯಶವಂತಪುರಕ್ಕೆ ಅನತಿ ದೂರದ ಚಿಕ್ಕಬಾಣಾವರದಿಂದಲೂ ಮಾಲೂರಿನಿಂದಲೂ ವಲಸೆ ಕಾರ್ಮಿಕರ ರೈಲುಗಳು ಹೊರಟವು. ಮನೆಯೆಂಬುದು ಎಷ್ಟು ದೊಡ್ಡ ಹಸಿವು ಎಂದು ಆ ದಿನಗಳಲ್ಲಿ ಎಲ್ಲರಿಗೂ ಅರಿವಾಯಿತು.

ಉಳಿದ ದೂರ

ಈ ಇತಿಹಾಸವನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದ ಮೇಲೆ ನನಗೊಂದು ಸಂಗತಿ ಹೊಳೆಯಿತು. ದಾರಿ ಇಲ್ಲದ ಕಾಲದಲ್ಲಿ ಮಕ್ಕಳು ಬಳಸಿಕೊಂಡಾದರೂ ಮನೆ ಸೇರಿದರು. ಇಂದು ಮೂರು ಗಂಟೆಯ ದಾರಿ ಇದ್ದೂ ಹುಡುಗನೊಬ್ಬ ಟಿಕೆಟ್ಟಿಲ್ಲ ಎನ್ನುತ್ತಾನೆ. ಹಾಗಾದರೆ ಕಡಿಮೆಯಾಗದೆ ಉಳಿದ ದೂರ ಬೇರೆಲ್ಲೋ ಇದೆ.

ಮರುದಿನ ಅವನನ್ನು ಕರೆದು ಚಹಾ ಕೊಟ್ಟು ಕೂರಿಸಿದೆ. ಬಹಳ ಹೊತ್ತಿನ ನಂತರ ಬಾಯಿಬಿಟ್ಟ. ಎರಡು ವಿಷಯಗಳಲ್ಲಿ ಫೇಲಾಗಿದ್ದ. ಮನೆಯಲ್ಲಿ ಹೇಳಿರಲಿಲ್ಲ. "ಅಪ್ಪ ಸಾಲ ಮಾಡಿ ಫೀಸು ಕಟ್ಟವ್ರೆ ಫಾದರ್. ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದ. ಹುಲ್ಲು ಸರಿಪಡಿಸುತ್ತ ತಲೆ ತಗ್ಗಿಸಿದ್ದೇಕೆಂದು ಆಗ ಅರ್ಥವಾಯಿತು.

ನಾನು ಉಪದೇಶ ಮಾಡಲಿಲ್ಲ. ನನ್ನದೇ ಒಂದು ಕಥೆ ಹೇಳಿದೆ. ಗುರುಮಠದ ಎರಡನೆಯ ವರ್ಷ ತತ್ವಶಾಸ್ತ್ರದ ಒಂದು ಪರೀಕ್ಷೆಯಲ್ಲಿ ನಾನೂ ಅನುತ್ತೀರ್ಣನಾಗಿದ್ದೆ. ಊರಿಗೆ ಹೋಗಲು ಮನಸ್ಸಾಗದೆ ಒಂದು ದಿನ ತಡಮಾಡಿದೆ. ಮರುದಿನ ರಾತ್ರಿ ಅರಸೀಕೆರೆಯಲ್ಲಿ ಇಳಿದಾಗ ಅಪ್ಪ ಅದೇ ಕಂಬದ ಕೆಳಗೆ ಇದ್ದರು. ಹಿಂದಿನ ರಾತ್ರಿಯೂ ಬಂದು ಕಾದು, ನಾನು ಇಳಿಯದ್ದನ್ನು ಕಂಡು, ನಿಲ್ದಾಣದಲ್ಲೇ ಮಲಗಿದ್ದರು. ನಾನು ತೊದಲುತ್ತ ಸೋತ ಸುದ್ದಿ ಹೇಳಿದೆ. ಅವರು ಟ್ರಂಕು ಎತ್ತಿ ಹೆಗಲಿಗಿಟ್ಟುಕೊಂಡು, "ಊಟ ಆಯ್ತೇನೋ ಮಗ?" ಎಂದಷ್ಟೇ ಕೇಳಿದರು. ಸಂತ ಲೂಕರ ಶುಭಸಂದೇಶದಲ್ಲಿ, ದೂರದಿಂದಲೇ ಮಗನನ್ನು ಕಂಡು ಓಡಿಬಂದ ತಂದೆಯ ಸಾಮತಿಯನ್ನು ನಾನು ಅನೇಕ ಸಲ ಪ್ರಬೋಧಿಸಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣಮುಂದೆ ಬರುವುದು ಆ ಬ್ಯಾಟರಿಯ ಬೆಳಕೇ.

ಹುಡುಗ ಏನೂ ಹೇಳಲಿಲ್ಲ. ಸಂಜೆ ನಾವಿಬ್ಬರೂ ಯಶವಂತಪುರಕ್ಕೆ ಹೋದೆವು. ಕಾದಿರಿಸದ ಬೋಗಿಯ ಬಾಗಿಲ ಬಳಿ ಅವನಿಗೆ ನಿಲ್ಲುವಷ್ಟು ಜಾಗ ಸಿಕ್ಕಿತು. ಜನವರಿಯಲ್ಲಿ ಮರಳಿದಾಗ ಒಂದು ಚೀಲ ಅವರೆಕಾಯಿ ತಂದುಕೊಟ್ಟ. ಮನೆಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. "ಕಣದಲ್ಲಿ ರಾಗಿ ಕೆಲಸ ಇತ್ತು ಫಾದರ್, ಅಪ್ಪನ ಜೊತೆ ಮಾಡ್ದೆ" ಎಂದ. ನನಗೆ ಅಷ್ಟು ಸಾಕಾಯಿತು.

ಆತ್ಮೀಯ ತಂದೆತಾಯಂದಿರೇ, ಮೊದಲ ಕ್ರಿಸ್ಮಸ್ ಕೂಡ ಊರಿಗೆ ಹೋದವರ ಕಥೆಯೇ. ಜನಗಣತಿಗೆಂದು ಎಲ್ಲರೂ ತಮ್ಮ ತಮ್ಮ ಊರುಗಳಿಗೆ ಹೊರಟಾಗ ಸಂತ ಜೋಸೆಫರು ತುಂಬು ಗರ್ಭಿಣಿ ಮರಿಯಮ್ಮನವರೊಡನೆ ಪೂರ್ವಜರ ಬೆತ್ಲೆಹೇಮಿಗೆ ಹೋದರು. ಸ್ವಂತ ಊರಿನಲ್ಲೇ ಅವರಿಗೆ ಜಾಗ ಸಿಗಲಿಲ್ಲ. ನಮ್ಮ ಮಕ್ಕಳಿಗೆ ಹಾಗಾಗದಿರಲಿ. ಈ ಹಬ್ಬಕ್ಕೆ ಮಗನೋ ಮಗಳೋ ಬರುವಾಗ ಅಂಕಪಟ್ಟಿಯ ಮಾತನ್ನು ಎರಡು ದಿನ ಮುಂದೂಡಿ. ಮೊದಲು ಊಟದ ಮಾತು ಕೇಳಿ. ನಿಮ್ಮ ಬೀದಿಯ ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ, ಊರು ಬಹಳ ದೂರವಾಗಿ ಉಳಿದುಬಿಟ್ಟ ಮಕ್ಕಳಿರುತ್ತಾರೆ. ಹಬ್ಬದ ಮಧ್ಯಾಹ್ನ ಅವರಿಗಾಗಿ ಒಂದು ಎಲೆ ಹೆಚ್ಚಿಗೆ ಹಾಕಿ. ನಮ್ಮ ಹಿರಿಯರು ವಾರಾನ್ನ ಇಕ್ಕಿದ ನಾಡು ಇದು.